ನಿಯಾನ್ ನಾಕಾದ ನಾಲ್ಕನೆಯ ಆಲ್ಬಮ್

ಶನಿವಾರ ಬೆಳಿಗ್ಗೆ ಮುಂಬೈ ಹೊರವಲಯದ ಡೊಂಬಿವಲಿಯ ತಮ್ಮ ಅಡುಗೆಮನೆಯಲ್ಲಿ ಉಮಾವತಿ ಬೇಳೆ ತೊಳೆದು, ಕುಕ್ಕರಿನ ಮುಚ್ಚಳ ಹಾಕಿ, ಒಲೆ ಹಚ್ಚದೆ ಕುಳಿತಿದ್ದರು. ಒಳಕೋಣೆಯಲ್ಲಿ ಹೊರಗಿನ ಸದ್ದು ತಡೆಯಲು ಕಿಟಕಿಗೆ ಹಾಸಿಗೆ ಆನಿಸಿ ಮಗ ಮಯೂರ್ ಹಾಡು ರೆಕಾರ್ಡ್ ಮಾಡುತ್ತಿದ್ದ. ಹಿಂದೊಮ್ಮೆ ಕುಕ್ಕರಿನ ಸೀಟಿ ಮೈಕಿಗೆ ಸಿಕ್ಕಿತ್ತು. ಅಂದಿನಿಂದ ಹಾಡು ಮುಗಿಯುವವರೆಗೆ ಗ್ಯಾಸ್ ಬಂದ್.

“ಪದ್ಯ ಮುಗೀತಾ ಮಾರಾಯ? ಬೇಳೆ ಬೇಯ್ಲಿಕ್ಕುಂಟು,” ಎಂದು ಅವರು ಬಾಗಿಲ ಸಂದಿಯಿಂದ ಕೇಳಿದರು. ಅದೂ ಮೈಕಿಗೆ ಸಿಕ್ಕಿತು.

ಮಯೂರನಿಗೆ ನಲವತ್ತು. ಐರೋಲಿಯ ವಿಮಾ ಕಚೇರಿಯೊಂದರಲ್ಲಿ, ಕ್ಲೇಮು ತಿರಸ್ಕೃತವಾದವರಿಗೆ ಆ ಸುದ್ದಿಯನ್ನು ಸಭ್ಯ ಭಾಷೆಯಲ್ಲಿ ಬರೆದು ತಿಳಿಸುವುದು ಅವನ ಕೆಲಸ. ರಜಾದಿನಗಳಲ್ಲಿ ಅವನು ನಿಯಾನ್ ನಾಕಾ ಬ್ಯಾಂಡಿನ ನಾಯಕ, ಸಿಂಥಸೈಜರ್ ವಾದಕ. ಕನ್ನಡದಲ್ಲಿ ನ್ಯೂ ವೇವ್ ಎಂಬ ಪಾಶ್ಚಾತ್ಯ ಶೈಲಿಯ ಸಂಗೀತ ನುಡಿಸುವ ಬ್ಯಾಂಡುಗಳಲ್ಲಿ ಡೊಂಬಿವಲಿಗೆ ತನ್ನದೇ ಮೊದಲನೆಯದು ಎನ್ನುತ್ತಾನೆ. ಒಪ್ಪಬೇಕಾದ ಮಾತು, ಎರಡನೆಯದು ಇಲ್ಲ.

ಮೊದಲ ಆಲ್ಬಮ್ಮಿನಲ್ಲಿ ನಾಲ್ವರಿದ್ದರು. ಬಳಿಕ ಡ್ರಮ್ಮಿನ ಧರ್ಮಪಾಲ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರಲು ವಾಶಿಗೆ ಹೋದ. ಎರಡನೆಯದರಲ್ಲಿ ಯಂತ್ರ ತಾಳ ಹಾಕಿತು. “ನಗರದ ಯಾಂತ್ರಿಕ ಬದುಕಿಗೆ ನಮ್ಮ ಉತ್ತರ” ಎಂದು ಮಯೂರ್ ಅದರ ಟಿಪ್ಪಣಿಯಲ್ಲಿ ಬರೆದ. ಬೇಸ್ ಗಿಟಾರಿನವನು ಘೋಡಬಂದರ್ ರಸ್ತೆಯಲ್ಲಿ ಫ್ಲ್ಯಾಟ್ ಕೊಂಡ. ಅಲ್ಲಿಂದ ಗಿಟಾರು ಹೊತ್ತು ಡೊಂಬಿವಲಿಗೆ ಬರುವಷ್ಟು ಸಂಗೀತಪ್ರೇಮ ಅವನಲ್ಲಿರಲಿಲ್ಲ. ಬೇಸ್ ಇಲ್ಲದ ಮೂರನೆಯ ಆಲ್ಬಮ್ ಟಿಪ್ಪಣಿಯಲ್ಲಿ “ಶೂನ್ಯದ ಕಡೆಗೆ ನಡಿಗೆ” ಎನಿಸಿಕೊಂಡಿತು. ಬಿಟ್ಟುಹೋದವರೆಲ್ಲ ಹೀಗೆ ಬ್ಯಾಂಡಿನ ಶೈಲಿಯಾದರು.

ಉಳಿದವಳು ವಿಠ್ಠಲವಾಡಿಯ ನೇತ್ರಾ, ಶಾಲೆಯಲ್ಲಿ ಸಂಗೀತದ ಟೀಚರ್. ಅವಳೂ ಹೋದರೆ ಹಾಡುವವರಿಲ್ಲ. ಮಯೂರನ ಸ್ವಂತ ಕಂಠದ ಪ್ರಯೋಗ ಮೊದಲ ಆಲ್ಬಮ್ಮಿನಲ್ಲೇ ಮುಗಿದಿತ್ತು. ಈ ಸಲ ಅವಳು ಷರತ್ತು ಹಾಕಿ ಬಂದಿದ್ದಳು.

“ದಾದಾ, ಒಂದ ಹಾಡರ ನನ್ನ ದನೀಲೆ ಇರ್ಲಿ. ಎಕೋ ಬ್ಯಾಡ. ಹ್ವಾದ ಸಲದ್ದು ಕೇಳಿ ನಮ್ಮವ್ವ, ಇದರಾಗ ನೀ ಎಲ್ಲಿದ್ದಿ ಅಂದ್ಲು.”

ಮಯೂರ್ ಮಾತು ಕೊಟ್ಟ.

ಆ ಶನಿವಾರ ಅವಳು ಹಾಡುವಾಗ ಉಮಾವತಿ ಬೇಳೆ ಮರೆತು ಬಾಗಿಲಲ್ಲೇ ನಿಂತರು. ಭಾನುವಾರ ಮಯೂರ್ ಒಬ್ಬನೇ ಕುಳಿತು ಕೇಳಿದ. ದನಿ ಸ್ಪಷ್ಟವಾಗಿತ್ತು. ಆದರೆ ಅದರ ಪಕ್ಕದಲ್ಲಿ ತನ್ನ ಸಿಂಥಸೈಜರ್ ಮದುವೆ ಆರ್ಕೆಸ್ಟ್ರಾದ ಹಾಗೆ ಕೇಳಿಸಿತು. ಸ್ವಲ್ಪ ಎಕೋ ಸೇರಿಸಿದ. ಊಟ ಮಾಡಿ ಬಂದು ಇನ್ನಷ್ಟು ಸೇರಿಸಿದ. ಸಂಜೆ ಅವಳಿಗೆ ಕಳಿಸಿದ.

ಮುಂದಿನ ಶನಿವಾರ ನೇತ್ರಾ ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತಳು.

“ಅವ್ವಗ ಕೇಳಿಸಿದೆ ದಾದಾ. ಯಾರೋ ಬಾವ್ಯಾಗ ಬಿದ್ದಾರ, ಲಗೂನ ಮ್ಯಾಲ ತಗೀರಿ ಅಂದ್ಲು.”

“ಅದೇ ನಮ್ಮ ಸೌಂಡ್, ನೇತ್ರಾ.”

“ಹಂಗಾರ ನಿಮ್ಮ ಸೌಂಡ್ ನೀವ ಇಟ್ಕೋರಿ. ನನ್ನ ದನಿ ತಗದಬಿಡ್ರಿ.”

ಉಮಾವತಿ ಚಹಾ ಕುಡಿದು ಹೋಗೆಂದು ಕರೆದರು. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು. ಮಯೂರ್ ಅವಳ ದನಿ ತೆಗೆದ, ಎಕೋ ಉಳಿಸಿಕೊಂಡ. ಹೊಸ ಟಿಪ್ಪಣಿ ಬರೆಯಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ: “ಮಾತು ಸೋತಲ್ಲಿ ನಿಯಾನ್ ನಾಕಾ ಮೌನವನ್ನು ಆರಿಸಿಕೊಂಡಿದೆ.”

ನಾಲ್ಕನೆಯ ಆಲ್ಬಮ್ ದೀಪಾವಳಿಗೆ ಹೊರಬರುತ್ತದೆ. ಅದರಲ್ಲಿ ಹಾಡುವವರು ಯಾರೂ ಇಲ್ಲದ್ದರಿಂದ ಮೈಕ್ ಕಪಾಟು ಸೇರಿದೆ. ಉಮಾವತಿ ಈಗ ಶನಿವಾರವೂ ಹೊತ್ತಿಗೆ ಸರಿಯಾಗಿ ಕುಕ್ಕರ್ ಇಡುತ್ತಾರೆ.