ಪ್ರೇಮಲತಾ ಬರೆದ ಇಪ್ಪತ್ತೆರಡು ಹುಳಗಳು

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಪ್ರೇಮಲತಾ ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಗ್ರಾಫ್ ಅಕ್ಕ ಎಂದರೆ ಕೂಡಲೇ ಮನೆ ತೋರಿಸುತ್ತಾರೆ. ಸೀರೆಯ ಮೇಲೆ ಬರುವ ಹೂವು, ಮಾವಿನಕಾಯಿ, ನವಿಲುಗಳನ್ನು ಮೊದಲು ಚೌಕುಳಿ ಕಾಗದದ ಮೇಲೆ ತುಂಬಿಕೊಡುವುದು ಅವರ ಕೆಲಸ. ಒಂದು ಚೌಕಕ್ಕೆ ಒಂದು ಎಳೆ. ಆ ಕಾಗದ ನೋಡಿಕೊಂಡು ರಟ್ಟಿಗೆ ತೂತು ಹೊಡೆಯುತ್ತಾರೆ. ತೂತು ಇದ್ದ ಹಾಗೆ ಮಗ್ಗ ಎಳೆಗಳನ್ನು ಎತ್ತುತ್ತದೆ. ಆಮೇಲೆ ಕಾಗದವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಇಪ್ಪತ್ತಾರು ವರ್ಷ ಅವರು ಹೀಗೆ ಬರೆದಿದ್ದಾರೆ. ಈಗ ಅವರಿಗೆ ನಲವತ್ತೇಳು.

ಅವರದು ಮಾತು ಕಡಿಮೆ. ಇಲ್ಲಿರುವುದನ್ನೆಲ್ಲ ಅವರು ಒಂದೇ ದಿನ ಕೂತು ಹೇಳಿದ್ದಲ್ಲ. ನನಗೆ ಸರಿಯಾಗಿ ತಿಳಿಯದ ಕಡೆ ಮತ್ತೆ ಹೋಗಿ ಕೇಳಿ ಬರೆದಿದ್ದೇನೆ.

ಅವರ ತವರು ಉಳ್ಳಾರ್ತಿ ಕಾವಲ್ ಎಂಬ ಹುಲ್ಲುಗಾವಲಿನ ಪಕ್ಕದ ಒಂದು ಹಳ್ಳಿ. ಚಿಕ್ಕವರಿದ್ದಾಗ ಆಡು ಮೇಯಿಸಲು ಹೋಗಿ ಹುಲ್ಲಿನಲ್ಲಿ ಬೋರಲು ಮಲಗಿ ಹುಳ ನೋಡುತ್ತಿದ್ದರಂತೆ. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದ ಮೇಲೆ ಗ್ರಾಫ್ ಕಲಿಸಿದವರು ಮಾವ ದೊಡ್ಡಪಾಲಯ್ಯ. ಅವರು ಕಲಿಸಿದ ಮೊದಲ ಪಾಠ, ಬುಟ್ಟಾಕ್ಕೆ, ಅಂದರೆ ಸೀರೆಯ ಮೈಮೇಲಿನ ಬಿಡಿ ಚಿತ್ರಕ್ಕೆ, ತಲೆ ಬುಡ ಇರಬಾರದು ಎಂಬುದು. ಉಟ್ಟವಳ ಎದೆಯ ಮೇಲೆ ನೆಟ್ಟಗೆ ನಿಂತ ನವಿಲು, ಸೆರಗು ಹೆಗಲು ದಾಟಿ ಬೆನ್ನಿಗೆ ಬೀಳುತ್ತಲೇ ತಲೆಕೆಳಗಾಗುತ್ತದೆ. ಮದುವೆ ಸೀರೆಯಲ್ಲಿ ಅದು ಅಪಶಕುನ. ಆದ್ದರಿಂದ ಅರ್ಧ ಚಿತ್ರ ಬರೆಯಬೇಕು, ಕಾಗದ ತಿರುಗಿಸಿ ಅದೇ ಅರ್ಧವನ್ನು ಮತ್ತೆ ಬರೆಯಬೇಕು. ಆಗ ಎತ್ತಲಿಂದ ನೋಡಿದರೂ ನೆಟ್ಟಗೇ ಇರುತ್ತದೆ. "ತಲಕಿಂದುಲ ಬೊಮ್ಮ ಯಾರ ಮೈಮ್ಯಾಲೂ ಹಾಕಬಾರ್ದಮ್ಮಾ," ಎಂದು ತಲೆಕೆಳಗಾದ ಚಿತ್ರದ ಬಗ್ಗೆ ಅವರು ಅರ್ಧ ತೆಲುಗಿನಲ್ಲಿ ಹೇಳುತ್ತಿದ್ದರು. ಮಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಪ್ರೇಮಲತಾ ಆ ಮಾತನ್ನು ಒಂದು ದಿನವೂ ಮೀರಿರಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಶಾಂತವೀರಪ್ಪ ಕರೆಸಿದರು. ಈ ಬೀದಿಯ ಮೂವತ್ತು ಮಗ್ಗಗಳಿಗೆ ರೇಷ್ಮೆ ಕೊಟ್ಟು ನೇಯಿಸುವವರು ಅವರೇ. ಇನ್ನು ಡಿಸೈನು ಕಂಪ್ಯೂಟರಿನಲ್ಲಿ ಬರುತ್ತದೆ, ಯುಗಾದಿಯ ನಂತರ ಗ್ರಾಫ್ ಕೆಲಸ ಇರುವುದಿಲ್ಲ ಎಂದು ತಿಳಿಸಿದರು. ಕೈಬಿಡುವ ಮನುಷ್ಯರಲ್ಲ ಅವರು. ಕಂಡಿಕೆ ಸುತ್ತುವ ಜಾಗ ಒಂದು ಖಾಲಿಯಿದೆ, ಯುಗಾದಿಯವರೆಗೆ ನಿನಗಾಗಿ ಹಿಡಿದಿರುತ್ತೇನೆ ಎಂದರು. ಲಾಳಿಯೊಳಗೆ ಕೂರುವ ಚಿಕ್ಕ ಕೊಳವೆಗೆ ರಾಟೆಯಿಂದ ನೂಲು ಸುತ್ತುವುದೇ ಕಂಡಿಕೆ. ಅದು ಕೀಳು ಕೆಲಸವೆಂದು ಪ್ರೇಮಲತಾ ಅಂದುಕೊಳ್ಳಲಿಲ್ಲ. ದಿನವಿಡೀ ರಾಟೆ ತಿರುಗಿಸುವ ಕೈ ಒಂದು ವರ್ಷದಲ್ಲಿ ಪೆನ್ಸಿಲ್ ಮರೆತುಬಿಡುತ್ತದೆ ಎಂಬುದು ಅವರ ಭಯ. ಹಾಗೆ ಮರೆತ ಇಬ್ಬರನ್ನು ಅವರು ನೋಡಿದ್ದರು.

ಅದೇ ತಿಂಗಳು ಶಾಂತವೀರಪ್ಪನವರ ಮನೆಗೆ ಸೀರೆ ಕೊಳ್ಳಲು ಚಳ್ಳಕೆರೆಯ ಶೈಲಜಾ ಬಂದರು. ಎಣ್ಣೆ ಮಿಲ್ಲಿನ ಹಿಂದಿನ ರಸ್ತೆಯಲ್ಲಿ ಅವರ ಮನೆ. ಗಂಡ ಕಿರಣ್‌ಕುಮಾರ್‌ಗೆ ಮಾರುಕಟ್ಟೆಯಲ್ಲಿ ಶೇಂಗಾ ದಲ್ಲಾಳಿ ಕೆಲಸ. ಶೈಲಜಾ ಮನೆಯಲ್ಲೇ ಟ್ಯಾರೋ ನೋಡುತ್ತಾರೆ. ಚಿತ್ರದ ಕಾರ್ಡುಗಳನ್ನು ಕಲೆಸಿ ಹರಡಿ, ಬಂದವರ ಪ್ರಶ್ನೆಗೆ ಚಿತ್ರ ನೋಡಿ ಉತ್ತರ ಹೇಳುವುದು. ಅಲ್ಲಿ ಬಿದ್ದಿದ್ದ ಪ್ರೇಮಲತಾ ಅವರ ಒಂದು ಗ್ರಾಫಿನ ಅಂಚಿನಲ್ಲಿ ಸಣ್ಣ ಇರುವೆಯ ಚಿತ್ರ ಶೈಲಜಾ ಕಣ್ಣಿಗೆ ಬಿತ್ತು. ಕೆಲಸದ ನಡುವೆ ಕಾಗದದ ಮೇಲೆ ಹರಿದುಹೋದ ಹುಳವನ್ನು ಅಂಚಿನಲ್ಲಿ ಬರೆದಿಡುವುದು ಪ್ರೇಮಲತಾ ಅವರ ಅಭ್ಯಾಸ.

ಶೈಲಜಾ ನೇರವಾಗಿ ಇವರ ಮನೆಗೇ ಬಂದು ಕೂತರು. "ಕುದುರೆ ಮ್ಯಾಲೆ ಕುಂತ ಫಾರಿನ್ ರಾಜನ್ನ ತೋರ್ಸಿದ್ರೆ ನಮ್ಮ ಹೆಂಗಸ್ರು ಇದು ಯಾವ ದೇವ್ರು ಅಂತ ಕೇಳ್ತಾರೆ ಅಕ್ಕ. ಹುಳ ಆದ್ರೆ ಯಾರಿಗೂ ಹೇಳ್ಕೊಡೋದು ಬ್ಯಾಡ." ಒಂದು ಕಟ್ಟಿನಲ್ಲಿ ಎಪ್ಪತ್ತೆಂಟು ಕಾರ್ಡು. ಮುಖ್ಯವಾದವು ಇಪ್ಪತ್ತೆರಡು, ಮೊದಲು ಅವನ್ನು ಬರೆದುಕೊಡಬೇಕು. ಅವು ಒಪ್ಪಿಗೆಯಾದರೆ ಉಳಿದ ಐವತ್ತಾರೂ ಇವರಿಗೇ. ಐವತ್ತಾರು ಎಂದರೆ ಒಂದು ವರ್ಷದ ಕೆಲಸ. ಒಪ್ಪಿಗೆಯಾದರೆ ಪೆನ್ಸಿಲು, ಇಲ್ಲದಿದ್ದರೆ ರಾಟೆ. ಪ್ರೇಮಲತಾ ಅಂದೇ ಹಾಗೆ ತೀರ್ಮಾನಿಸಿಕೊಂಡರು.

ಪ್ರತಿ ಕಾರ್ಡಿನ ಅರ್ಥವನ್ನು ಶೈಲಜಾ ಹೇಳುತ್ತಾ ಹೋದರು, ಇವರು ಒಂದೊಂದು ಕಾಗದದ ಹಿಂದೆ ಬರೆದುಕೊಂಡರು. ಮುಂದೆ ಏನಿದೆಯೆಂದು ನೋಡದೆ ಹೊರಡುವವನಿಗೆ ಮಿಡತೆ. ರಾಣಿಗೆ ಗೆದ್ದಲಿನ ತಾಯಿ. ಎಲ್ಲರಿಂದ ದೂರ ಇರುವವನಿಗೆ ಬಸವನಹುಳು. ಕೆಟ್ಟ ಶಕ್ತಿಗೆ ಯಾವುದೆಂದು ಅವರು ಯೋಚಿಸಲೇ ಇಲ್ಲ. ಒಂದು ವಾರದಲ್ಲಿ ತವರಿನ ಶೇಂಗಾ ಹೊಲವನ್ನು ಕಡ್ಡಿ ಮಾಡಿಹೋಗುವ ಕಂಬಳಿಹುಳ ಇತ್ತಲ್ಲ. ಬಲದ ಕಾರ್ಡಿಗೆ ಜೋಳದ ಕಾಳು ಹೊತ್ತ ಇರುವೆ, ಸಾವಿನ ಕಾರ್ಡಿಗೆ ರೇಷ್ಮೆಗೂಡು.

ಬರೆಯುತ್ತಿರುವಾಗ ಶೈಲಜಾ ಎರಡು ಸಲ ಫೋನ್ ಮಾಡಿ ಫೋಟೊ ಕಳಿಸಿ ಎಂದರು. ಇವರು ಕಳಿಸಲಿಲ್ಲ. ಮಗ್ಗದಿಂದ ಇಳಿಸುವ ಮೊದಲು ಸೀರೆಯನ್ನು ಕೊಳ್ಳುವವರ ಕಣ್ಣಿಗೆ ಬೀಳಿಸಬಾರದು ಎಂಬುದು ಇವರ ಮನೆಯ ಪದ್ಧತಿ. ಶಿವರಾತ್ರಿ ಕಳೆದ ಮೂರನೆಯ ದಿನ ಇಪ್ಪತ್ತೆರಡನ್ನೂ ಒಂದು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಹೋದರು.

ಶೈಲಜಾ ಚಿತ್ರ ನೋಡಿ ಬಹಳ ಹೊಗಳಿದರು. ಆಮೇಲೆ ಅಭ್ಯಾಸದಂತೆ ಕಲೆಸಿ ಮೂರು ಕಾರ್ಡು ಹರಡಿದರು. ಒಂದನ್ನು ತಿರುಗಿಸಿ ಇಟ್ಟರು, ಮತ್ತೆ ತಿರುಗಿಸಿದರು. ಇನ್ನೊಂದನ್ನೂ ಹಾಗೇ ಮಾಡಿದರು.

"ಅಕ್ಕಾ, ಇದ್ರಲ್ಲಿ ತಲೆ ಯಾವ ಕಡೆ, ಬುಡ ಯಾವ ಕಡೆ?"

"ಹೆಂಗಿಟ್ರೂ ನೆಟ್ಟಗೇ ಕಾಣ್ತೈತಲ್ಲ," ಎಂದರು ಪ್ರೇಮಲತಾ. ಅದು ತಮ್ಮ ಕೆಲಸದ ಹೆಚ್ಚುಗಾರಿಕೆ ಎಂದೇ ಅವರು ತಿಳಿದಿದ್ದರು.

ಶೈಲಜಾ ತಾವು ಹೇಳದೇ ಬಿಟ್ಟಿದ್ದನ್ನು ಆಗ ಹೇಳಿದರು. ಕಾರ್ಡು ನೆಟ್ಟಗೆ ಬಿದ್ದರೆ ಒಂದು ಅರ್ಥ, ತಲೆಕೆಳಗಾಗಿ ಬಿದ್ದರೆ ಬೇರೆಯೇ ಅರ್ಥ. ಟ್ಯಾರೋ ನೋಡುವವರಿಗೆಲ್ಲ ಇದು ಗೊತ್ತಿರುವುದರಿಂದ ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ. "ನೀನು ಎಲ್ಲಾನೂ ನೆಟ್ಟಗೇ ಮಾಡಿಟ್ಟೀಯ. ಎಲ್ಲಾ ಒಳ್ಳೇದೇ ಆಗ್ತೈತೆ ಅಂತ ಎಷ್ಟು ಜನಕ್ಕೆ ಹೇಳ್ಲಿ?"

ಸೀರೆಯಲ್ಲಾದರೆ ತಲೆಕೆಳಗು ಆಗಬಾರದು ಎಂದು ಪ್ರೇಮಲತಾ ಮೆಲ್ಲಗೆ ಹೇಳಲು ಹೋದರು.

"ಇದನ್ನ ಯಾರೂ ಉಡಲ್ಲ ಕಣಕ್ಕ," ಎಂದರು ಶೈಲಜಾ.

ಊಟಕ್ಕೆಂದು ಬಂದಿದ್ದ ಕಿರಣ್‌ಕುಮಾರ್ ಬಾಗಿಲಲ್ಲೇ ನಿಂತು ಇರುವೆಯ ಕಾರ್ಡು ನೋಡಿದ. ಆ ಕಡೆ ಒಂದು ತಲೆ, ಈ ಕಡೆ ಒಂದು ತಲೆ. "ಇದು ಯಾವ ಕಡೆ ಹೋಗ್ತೈತೆ ಅಕ್ಕ? ಗಂಡ ಹೆಂಡ್ತಿ ಜಗಳ ಇದ್ದಂಗೈತಲ್ಲ." ಶೈಲಜಾ ಅವನನ್ನು ಗದರಿಸಿ ಒಳಗೆ ಕಳಿಸಿದರು. ಯುಗಾದಿಗೆ ಇನ್ನೂ ನಾಲ್ಕು ವಾರವಿದೆ, ಆಗುವುದಾದರೆ ಮತ್ತೆ ಬರೆದುಕೊಡಿ, ಆಗದಿದ್ದರೆ ಬೇಸರವಿಲ್ಲ ಎಂದರು.

ಬಸ್ಸಿನಲ್ಲಿ ಪ್ರೇಮಲತಾ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಪಕ್ಕದ ಮನೆಯ ಸೂರಮ್ಮ ವಿಷಯ ಕೇಳಿ, "ಹುಳ ಬರಿಯಾಕೆ ಹೋಗಿ ತಲೆಗೆ ಹುಳ ಬಿಟ್ಕಂಡೆ. ರಾಟೆ ಮುಂದೆ ಕುಂತಿದ್ರೆ ಇದಿಲ್ಲ ನೋಡು," ಎಂದಳು. ಅವಳ ಮಾತು ಖಾರ, ಆದರೆ ಆ ದಿನ ಸಾರು ತಂದು ಕೊಟ್ಟವಳೂ ಅವಳೇ.

ಮರುದಿನ ಪ್ರೇಮಲತಾ ಚೌಕುಳಿ ಇಲ್ಲದ ಬಿಳಿ ಕಾಗದ ತಂದು ಕೂತರು. ಒಂದೇ ತಲೆಯ ಇರುವೆ ಬರೆದರು. ಚೆನ್ನಾಗಿಯೇ ಬಂತು. ಕಾಗದ ತಿರುಗಿಸಿ ನೋಡಿದರೆ ಇರುವೆ ಕಾಲು ಮೇಲೆ ಮಾಡಿ ಸತ್ತಂತೆ ಕಂಡಿತು. ಮಿಡತೆ ಬರೆದರೂ ಹಾಗೇ. ತಮ್ಮ ಕೈಯಿಂದಲೇ ಒಂದು ಜೀವವನ್ನು ಅಂಗಾತ ಕೆಡವಿದ ಹಾಗೆ ಅವರಿಗೆ ಅನ್ನಿಸುತ್ತಿತ್ತು. ಎದುರಿಗೆ ಕೂತವರು ಕಷ್ಟ ಹೇಳಿಕೊಳ್ಳಲು ಬಂದಿರುತ್ತಾರೆ, ಅವರ ಮುಂದೆ ಸತ್ತ ಹುಳ ಇಡುವುದು ಹೇಗೆ? ಒಂಬತ್ತು ದಿನ ಒಂದೂ ಕಾರ್ಡು ಮುಗಿಯಲಿಲ್ಲ. ಹತ್ತನೆಯ ದಿನ ಶಾಂತವೀರಪ್ಪನವರಲ್ಲಿಗೆ ಹೋಗಿ ರಾಟೆ ಒಪ್ಪಿಕೊಳ್ಳುವುದೆಂದು ಸೀರೆಯನ್ನೂ ಬದಲಾಯಿಸಿದ್ದರಂತೆ.

ಹೊರಡುವಾಗ ಮಾವನ ಕಾಲದ ಮಗ್ಗದ ಮೇಲಿನ ತೊಲೆಯಲ್ಲಿ ಇರುವೆ ಸಾಲು ಕಂಡಿತು. ಅಡುಗೆ ಮನೆಯ ಡಬ್ಬಿಯಿಂದ ಜೋಳದ ನುಚ್ಚು ಸಾಗಿಸುತ್ತಿದ್ದವು. ಸಾಲು ತೊಲೆಯ ಮೇಲೆ ಸ್ವಲ್ಪ ದೂರ ಬಂದು, ಪಕ್ಕಕ್ಕೆ ಇಳಿದು, ಅಲ್ಲಿಂದ ತೊಲೆಯ ಅಡಿಗೆ ಹೋಗುತ್ತಿತ್ತು. ಅಡಿಯಲ್ಲಿ ಹೋಗುವಾಗ ಪ್ರತಿ ಇರುವೆಯೂ ತಲೆಕೆಳಗೆ. ಆದರೆ ಒಂದೂ ಬೀಳಲಿಲ್ಲ. ಮೇಲೆ ನಡೆದಷ್ಟೇ ವೇಗವಾಗಿ ಅಡಿಯಲ್ಲೂ ನಡೆಯುತ್ತಿದ್ದವು. ಪ್ರೇಮಲತಾ ಕತ್ತು ನೋಯುವವರೆಗೆ ನಿಂತು ನೋಡಿದರು. ಇದನ್ನು ಚಿಕ್ಕಂದಿನಿಂದ ದಿನಾ ನೋಡಿದ್ದೆ, ಆದರೆ ಬರೆಯುವವಳಾಗಿ ನೋಡಿರಲಿಲ್ಲ ಎಂದು ಅವರು ನನಗೆ ಹೇಳಿದರು.

ತಪ್ಪು ಏನೆಂದು ಆಗ ತಿಳಿಯಿತು. ಅವರು ಹುಳವನ್ನು ಮಾತ್ರ ಬರೆದಿದ್ದರು. ಅದು ಹಿಡಿದುಕೊಂಡ ಜಾಗವನ್ನು ಬರೆದಿರಲಿಲ್ಲ. ಬುಟ್ಟಾಕ್ಕೆ ನೆಲ ಬೇಡ, ಅದು ರೇಷ್ಮೆಯ ಮೇಲೆ ತೇಲುತ್ತದೆ. ಜೀವ ಇರುವುದಕ್ಕೆ ನೆಲ ಬೇಕು. ಇರುವೆಯ ಕಾಲ ಕೆಳಗೆ ಒಂದು ತೊಲೆ ಬರೆದರು. ಕಾಗದ ತಿರುಗಿಸಿದಾಗ ತೊಲೆ ಮೇಲೆ ಹೋಯಿತು, ಇರುವೆ ಅಡಿಯಲ್ಲಿ ಜೋತುಕೊಂಡು ಕಾಳು ಹೊತ್ತು ನಡೆಯುತ್ತಿತ್ತು.

ಅಲ್ಲಿಂದ ಕೈ ನಿಲ್ಲಲಿಲ್ಲ. ಮಿಡತೆಗೆ ಹುಲ್ಲಿನ ದಂಟು, ಬಸವನಹುಳುವಿಗೆ ಬಾವಿಯ ಒಳಗೋಡೆ. ಚೇಳನ್ನು ಚಪ್ಪಡಿ ಕಲ್ಲಿನ ಅಡಿಯಲ್ಲಿ ಬರೆದರು. ತಿರುಗಿಸಿದರೆ ಅಡಗಿದ್ದ ಚೇಳು ಕಲ್ಲಿನ ಮೇಲೆ ಬಯಲಾಗುತ್ತದೆ. ಪತಂಗ ಅವರನ್ನು ನಾಲ್ಕು ದಿನ ಕಾಡಿಸಿತು, ಕೊನೆಗೆ ಅದನ್ನು ಒಗೆದು ಒಣಹಾಕಿದ ಬಟ್ಟೆಯ ಮೇಲೆ ಕೂರಿಸಿದರು. ಯುಗಾದಿಗೆ ಐದು ದಿನ ಇರುವಾಗ ಮತ್ತೆ ಚಳ್ಳಕೆರೆಗೆ ಹೋದರು.

ಶೈಲಜಾ ಈ ಸಲ ಹೊಗಳಲಿಲ್ಲ. ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದರು. ರೇಷ್ಮೆಗೂಡು ಬಂದಾಗ ನಿಲ್ಲಿಸಿದರು. ಅದೊಂದು ಹಳೆಯ ಹಾಗೇ ಇತ್ತು, ಎತ್ತಲಿಂದಲೂ ಒಂದೇ. ಇದೊಂದು ಉಳಿದುಹೋಯಿತಲ್ಲ ಎಂದರು.

"ಗೂಡಿಗೆ ತಲೆ ಬುಡ ಎಲ್ಲೈತೆ?" ಎಂದರು ಪ್ರೇಮಲತಾ. "ಎತ್ತಲಾಗಿದ್ರೂ ಅದು ಕುದಿಯೋ ನೀರಿಗೇ ಹೋಗೋದು."

ಶೈಲಜಾ ಆ ಕಾರ್ಡನ್ನು ಉಳಿದವುಗಳ ಜೊತೆ ಸೇರಿಸಿದರು. ಆದರೆ ಐವತ್ತಾರರ ಮಾತು ಎತ್ತಲಿಲ್ಲ. ಒಬ್ಬರು ಬರುವವರಿದ್ದಾರೆ, ಅವರ ಮುಂದೆ ಇಟ್ಟು ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಅಡುಗೆ ಮನೆಯಲ್ಲಿ ಕೂತಿರಿ ಎಂದರು.

ಬಂದವರು ಲಕ್ಷ್ಮಕ್ಕ, ಮಾರುಕಟ್ಟೆಯ ಗೇಟಿನ ಹತ್ತಿರ ಟೀ ಅಂಗಡಿ ಇಟ್ಟವರು. ಗಂಡನಿಗೆ ಹುಷಾರಿಲ್ಲದಾದಾಗಿನಿಂದ ಒಬ್ಬರೇ ನಡೆಸುತ್ತಿದ್ದರು. ಅಂಗಡಿ ಇಟ್ಟುಕೊಳ್ಳಲೋ ಮುಚ್ಚಲೋ ಎಂಬುದು ಅವರ ಪ್ರಶ್ನೆ. ಶೈಲಜಾ ಕಲೆಸಿ ಒಂದೇ ಕಾರ್ಡು ತೆಗೆಸಿದರು. ಇರುವೆ ಬಂತು, ತಲೆಕೆಳಗಾಗಿ. ಅಡುಗೆ ಮನೆಯ ಬಾಗಿಲಿನಿಂದ ಪ್ರೇಮಲತಾ ಅವರಿಗೆ ಅದು ಕಂಡಿತು. ಎದ್ದುಹೋಗಿ ಅದನ್ನು ನೆಟ್ಟಗೆ ತಿರುಗಿಸಿಬಿಡಬೇಕು ಅನ್ನಿಸಿ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡರಂತೆ.

ಬಲದ ಕಾರ್ಡು ತಲೆಕೆಳಗಾದರೆ ಬಲ ಕುಂದಿದೆ ಎಂದು ಅರ್ಥ. ಶೈಲಜಾ ಅದನ್ನೇ ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಲಕ್ಷ್ಮಕ್ಕ ಬಗ್ಗಿ ಕಾರ್ಡಿನ ಹತ್ತಿರ ಮುಖ ತಂದರು.

"ತಲೆಕೆಳಗಾಗೈತಲ್ಲವ್ವ ಇದು," ಎಂದರು. ಸ್ವಲ್ಪ ಹೊತ್ತು ನೋಡಿ, "ಆದ್ರೂ ಕಾಳು ಬಿಟ್ಟಿಲ್ಲ ನೋಡು."

ಶೈಲಜಾ ಬಾಯಿ ಮುಚ್ಚಿದರು. ಲಕ್ಷ್ಮಕ್ಕ ಬೆರಳಿಂದ ಇರುವೆಯ ಆರೂ ಕಾಲುಗಳನ್ನು ಒಂದೊಂದಾಗಿ ಮುಟ್ಟಿ, ಎಲ್ಲವೂ ತೊಲೆಗೆ ಅಂಟಿವೆಯೇ ಎಂದು ನೋಡಿದರು. ಒಂದು ಕಾಲು ಬಿಡಿಸಿಕೊಂಡಿತ್ತು. ನಡೆಯುವ ಇರುವೆ ಹಾಗೇ ಇರುತ್ತದೆ. "ಒಂದು ಕಾಲು ಸೋತೈತೆ. ಒಬ್ಬ ಕೆಲಸದವಳನ್ನ ಇಟ್ಕಬೇಕು ಅಷ್ಟೇ," ಎಂದು ತಮಗೆ ತಾವೇ ಹೇಳಿಕೊಂಡು ಎದ್ದರು.

ಅವರು ಹೋದ ಮೇಲೆ ಶೈಲಜಾ ಅಡುಗೆ ಮನೆಗೆ ಬಂದು ಟೀಗೆ ನೀರಿಟ್ಟರು. ಬೆನ್ನು ಮಾಡಿಕೊಂಡೇ ಕೇಳಿದರು. "ಐವತ್ತಾರು ಯಾವಾಗ ಶುರು ಮಾಡ್ತೀಯಕ್ಕ?"

ಯುಗಾದಿಯ ಹಿಂದಿನ ದಿನ ಪ್ರೇಮಲತಾ ಶಾಂತವೀರಪ್ಪನವರ ಮನೆಗೆ ಹೋಗಿ, ಕಂಡಿಕೆಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿದರು. ಇಷ್ಟು ದಿನ ಜಾಗ ಹಿಡಿದಿದ್ದಕ್ಕೆ ಕೈ ಮುಗಿದರು. ಐವತ್ತಾರು ಕಾರ್ಡಿನ ವಿಷಯ ಕೇಳಿ ಶಾಂತವೀರಪ್ಪನವರಿಗೆ ನಗು ಬಂತು. "ಐವತ್ತಾರು ಹುಳ ಎಲ್ಲಿಂದ ತರ್ತೀಯಮ್ಮ?"

ಆ ಲೆಕ್ಕವನ್ನು ಇವರು ಬಸ್ಸಿನಲ್ಲೇ ಹಾಕಿದ್ದರು. ಮನೆ, ಹಿತ್ತಲು, ಬೇಲಿ ಎಲ್ಲ ಸೇರಿ ಮೂವತ್ತೊಂದು ಸಿಗುತ್ತವೆ. ಉಳಿದ ಇಪ್ಪತ್ತೈದು ಮಳೆ ಬೀಳದೆ ಹೊರಗೆ ಬರುವವಲ್ಲ. ನೆನಪಿನಿಂದ ಬರೆಯಬಹುದು, ಆದರೆ ಅವು ಯಾವುದನ್ನು ಹೇಗೆ ಹಿಡಿದುಕೊಂಡಿರುತ್ತವೆ ಎಂದು ನೋಡದೆ ಇನ್ನು ಬರೆಯುವುದಿಲ್ಲ ಎಂದು ಅವರು ಶೈಲಜಾಗೆ ಫೋನಿನಲ್ಲಿ ತಿಳಿಸಿದ್ದರು. ಜೂನ್ ತಿಂಗಳ ಮಿರಗದ ಮಳೆಯವರೆಗೆ ಕಾಯಲು ಶೈಲಜಾ ಒಪ್ಪಿದ್ದಾರೆ. ಮಳೆ ಬಿದ್ದ ಮರುದಿನ ಕಾವಲ್‌ಗೆ ಹೋಗಿ ಮೂರು ದಿನ ತವರಿನಲ್ಲಿ ಉಳಿಯುವುದೆಂದು ಪ್ರೇಮಲತಾ ತಮ್ಮನಿಗೆ ಫೋನ್ ಮಾಡಿ ಹೇಳಿಟ್ಟಿದ್ದಾರೆ. ಸದ್ಯ ಹದಿನಾಲ್ಕನೆಯದು ನಡೆಯುತ್ತಿದೆ, ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುತ್ತಿರುವ ಒಂದು ಕಣಜ. ಅದು ಮಣ್ಣು ತರಲು ಹೋದಾಗ ಇವರು ಕಾಯುತ್ತಾರೆ, ಬಂದಾಗ ಬರೆಯುತ್ತಾರೆ.