ಅಕ್ಕ ಕಂಡ ಗ್ರಹಣ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯರೂ ಹಾಗೇ. ಬೀದಿಯಲ್ಲೂ ಅಷ್ಟೇ. ಅದಕ್ಕೆ ಕಾರಣ ಅವಳ ತಮ್ಮ. ಎಲ್ಲಾದರೂ ಹೊಡೆದಾಟ ಹತ್ತಿಕೊಂಡರೆ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ಬಡಿಯುತ್ತಿದ್ದರು.

ತಮ್ಮನಿಗೆ ಸುತ್ತಿಗೆ ಎಂದು ಹೆಸರಿಟ್ಟವರು ಗುಜರಿ ಅಂಗಡಿಯವರು. ಹಳೆಯ ಕಾರು, ಲಾರಿಗಳನ್ನು ಒಡೆದು ತಗಡು ಬೇರೆ, ಕಬ್ಬಿಣ ಬೇರೆ ಮಾಡುವುದು ಅವನ ಕೆಲಸ. ಬಿಚ್ಚಿದರೆ ಸಾಕಾಗುವುದನ್ನೂ ಅವನು ಬಡಿದೇ ಮುರಿಯುತ್ತಿದ್ದ. ಸಿಟ್ಟು ಮೂಗಿನ ತುದಿಯಲ್ಲೇ. ಕೆಲಸ ಮುಗಿದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ.

ಅದು ಅಪ್ಪನಿಂದ ಬಂದ ಆಸ್ತಿ. ಅಪ್ಪ ಬೆಲ್ಟು ಬಿಚ್ಚಿದಾಗಲೆಲ್ಲ ಅಕ್ಕ ತಮ್ಮನನ್ನು ಮಂಚದ ಕೆಳಗೆ ತಳ್ಳಿ ತಾನು ಎದುರು ನಿಲ್ಲುತ್ತಿದ್ದಳು. ಒಮ್ಮೆ ಬಕಲ್ ತಗುಲಿ ಹುಬ್ಬು ಸೀಳಿತ್ತು. ಆ ಜಾಗದಲ್ಲಿ ಕೂದಲು ಮತ್ತೆ ಬರಲಿಲ್ಲ. ಅಪ್ಪ ಸತ್ತಾಗ, ಇನ್ನು ತನ್ನ ಮೈಗೆ ಬಿಡುವು ಸಿಕ್ಕಿತು ಅಂದುಕೊಂಡಳು. ಅಷ್ಟರಲ್ಲಿ ತಮ್ಮನ ಮುಷ್ಟಿ ಬೆಳೆದಿತ್ತು. ಬಾರಿನ ಬಾಗಿಲಲ್ಲಿ, ಮಾರ್ಕೆಟ್ಟಿನಲ್ಲಿ, ಕೊನೆಗೆ ಅವನ ಮದುವೆಯ ದಿನವೂ ಅವಳು ಮಧ್ಯೆ ನಿಲ್ಲಬೇಕಾಯಿತು. ಆ ಮದುವೆ ವರ್ಷ ತುಂಬುವ ಮೊದಲೇ ಮುಗಿಯಿತು. ಹೆಂಡತಿ ಮುರಿದ ಮಣಿಕಟ್ಟು ಹಿಡಿದುಕೊಂಡು ತವರಿಗೆ ಹೋದಳು. ಅವಳನ್ನು ಬಸ್ ಹತ್ತಿಸಿ ಬಂದವಳೂ ಅಕ್ಕನೇ. ಒಂದು ಮಾತ್ರ ನಿಜ, ಅಕ್ಕನ ಮೇಲೆ ಅವನು ಎಂದೂ ಕೈ ಮಾಡಿದವನಲ್ಲ.

ರಕ್ತದ ಚಾದರಗಳನ್ನು ತಣ್ಣೀರಿನಲ್ಲಿ ನೆನೆಸುವುದು, ಕುದಿಸುವುದು, ಬಿಸಿ ರೋಲರಿಗೆ ಕೊಟ್ಟು ಇಸ್ತ್ರಿ ಮಾಡುವುದು ಅವಳ ಕೆಲಸ. ಆ ಕೋಣೆಗೆ ಕಿಟಕಿಯಿರಲಿಲ್ಲ. ಒಂದು ದಿನ ಲಾಂಡ್ರಿ ವ್ಯಾನಿನ ಡ್ರೈವರ್ ಗ್ರಹಣದ ಸುದ್ದಿ ತಂದ. ಇಲ್ಲಿ ಸೂರ್ಯ ಮುಕ್ಕಾಲು ಮುಚ್ಚುತ್ತಾನೆ ಅಷ್ಟೇ, ಗುಡ್ಡದಾಚೆ ಹೋದರೆ ಪೂರ್ತಿ, ಹಾಡಹಗಲೇ ನಕ್ಷತ್ರ ಕಾಣುತ್ತವೆ ಎಂದ. ಅಕ್ಕನ ಕೈ ಚಾದರದ ಮೇಲೆ ನಿಂತುಬಿಟ್ಟಿತು. ತನಗೆ ಇಂಥದ್ದು ಬೇಕು ಎಂದು ಅವಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಅವತ್ತು ಸೂಪರ್‌ವೈಸರ್ ಹತ್ತಿರ ಹೋಗಿ, ರಜೆ ಬೇಕು ಎಂದಳು.

ಒಬ್ಬಳೇ ಹೇಗೆ ಹೋಗುತ್ತಿ, ನಾನು ಸತ್ತಿದ್ದೀನಾ ಎಂದು ತಮ್ಮ ಹೊರಟೇ ಬಿಟ್ಟ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಬಸ್ಸು ಊರು ದಾಟುವ ಮೊದಲೇ ಶುರುವಾಯಿತು. ಸೀಟಿನ ಮೇಲೆ ಬ್ಯಾಗಿಟ್ಟು ಜಾಗ ಹಿಡಿದವನೊಬ್ಬ ತೆಗೆಯಲಾರೆ ಎಂದ. ತಮ್ಮ ಬ್ಯಾಗನ್ನು ಕಿಟಕಿಯಿಂದ ಎಸೆದ, ಆಮೇಲೆ ಅವನ ತಲೆಯನ್ನು ಸೀಟಿನ ಕಂಬಿಗೆ ಜಜ್ಜಿದ. ಬಿಡಿಸಲು ಹೋದ ಅಕ್ಕನ ತುಟಿಗೆ ಯಾರದೋ ಮೊಣಕೈ ಬಡಿಯಿತು. ಕಂಡಕ್ಟರ್ ಅಕ್ಕ ತಮ್ಮ ಇಬ್ಬರನ್ನೂ ಊರಂಚಿನಲ್ಲೇ ಇಳಿಸಿದ. ತುಟಿ ಬೋಂಡದಂತೆ ಊದಿಕೊಂಡಿದ್ದರೂ ಅಕ್ಕ ವಾಪಸು ಹೋಗೋಣ ಎನ್ನಲಿಲ್ಲ. ಜಲ್ಲಿ ಲಾರಿಯೊಂದು ಅವರನ್ನು ಗುಡ್ಡದಾಚೆ ತಲುಪಿಸಿತು.

ಬಯಲು ತುಂಬ ಜನ. ಅಕ್ಕ ಒಂದು ದಿಬ್ಬ ಹುಡುಕಿ, ಗ್ರಹಣದ ಕನ್ನಡಕ ಹಾಕಿಕೊಂಡು ಕೂತಳು. ಸೂರ್ಯನ ಅಂಚನ್ನು ಯಾರೋ ಕಚ್ಚಿದಂತೆ ಕಂಡಿತು. ಸೂರ್ಯ ಗೆರೆಯಷ್ಟು ಉಳಿದ ಹೊತ್ತಿಗೆ ಒಂದು ವ್ಯಾನು ಬಂದು ಸರಿಯಾಗಿ ಅವಳ ಮುಂದೆಯೇ ನಿಂತಿತು. ತಮ್ಮ ಎದ್ದು, ಮುಂದೆ ತಗೊಳ್ಳಿ ಎಂದ. ಸ್ಟೇರಿಂಗ್ ಹಿಡಿದವನು ನಕ್ಕು, ಸೂರ್ಯನನ್ನೇನು ನಿಮ್ಮಪ್ಪ ಕೊಂಡಿದ್ದಾನಾ ಎಂದ.

ಅಪ್ಪನ ಹೆಸರು ಎತ್ತಿದ್ದೇ ಸಾಕಾಯಿತು. ತಮ್ಮ ವ್ಯಾನಿನ ಕನ್ನಡಿಯನ್ನು ಒದ್ದು ಮುರಿದ, ಡ್ರೈವರನ ಕೊರಳಪಟ್ಟಿ ಹಿಡಿದು ಹೊರಗೆಳೆದು ಮೂಗಿಗೆ ಗುದ್ದಿದ. ಹಿಂದಿನ ಬಾಗಿಲಿಂದ ನಾಲ್ವರು ಇಳಿದರು. ಒಬ್ಬನ ಕೈಯಲ್ಲಿ ಜಾಕಿನ ರಾಡು.

ಅಕ್ಕ ಕನ್ನಡಕ ತೆಗೆದು ಓಡಿಹೋಗಿ ತಮ್ಮನ ಅಂಗಿ ಹಿಡಿದು ಜಗ್ಗಿದಳು. ಆಗ ಬೆಳಕು ಬದಲಾಯಿತು. ಅವನ ಬೆನ್ನು, ತನ್ನ ಕೈ, ನೆಲದ ಹುಲ್ಲು ಎಲ್ಲವೂ ಸೀಸದ ಬಣ್ಣಕ್ಕೆ ತಿರುಗಿದವು. ಗಾಳಿ ತಣ್ಣಗಾಯಿತು. ತಮ್ಮ ಕೊಸರಿದ. ಬಟ್ಟೆ ಹರಿಯುವುದು ಬೆರಳಿಗೆ ಗೊತ್ತಾಯಿತು. ಇನ್ನೂ ಬಿಗಿಯಾಗಿ ಹಿಡಿಯಬಹುದಿತ್ತು. ಅವಳು ಬಿಟ್ಟಳು.

ವ್ಯಾನನ್ನು ದಾಟಿ ಆಚೆ ಹೋಗಿ ನಿಂತು, ಬರಿಗಣ್ಣಿನಲ್ಲೇ ತಲೆಯೆತ್ತಿದಳು. ಸೂರ್ಯನಿದ್ದ ಜಾಗದಲ್ಲಿ ಕಪ್ಪು ಬಿಲ್ಲೆ, ಸುತ್ತ ಬೆಳ್ಳಿಯ ಎಳೆಗಳು. ಹಿಂದೆ ಗುದ್ದುಗಳು ಬೀಳುತ್ತಿದ್ದವು. ಒದೆ ಮೈಗೆ ಬಿದ್ದಾಗಿನ ಸದ್ದು ಅವಳಿಗೆ ಗೊತ್ತು, ಕಬ್ಬಿಣ ಬಿದ್ದಾಗಿನ ಸದ್ದೂ ಗೊತ್ತು. "ಅಕ್ಕಾ" ಎಂದು ಒಮ್ಮೆ ಕೇಳಿತು. ಬಾಯಿ ತುಂಬ ರಕ್ತವಿದ್ದವನ ದನಿ. ಅವಳ ಕಾಲು ತಾನಾಗಿ ಅತ್ತ ತಿರುಗಿತು, ಕುತ್ತಿಗೆ ತಿರುಗಲಿಲ್ಲ. ಬಿಲ್ಲೆಯ ಪಕ್ಕದಲ್ಲಿ ಒಂದು ನಕ್ಷತ್ರವಿತ್ತು. ಅದನ್ನೇ ನೋಡುತ್ತಿದ್ದಳು, ಅಂಚಿನಲ್ಲಿ ಬೆಳಕಿನ ಹನಿಯೊಂದು ಸಿಡಿಯುವವರೆಗೂ.

ತಿರುಗಿದಾಗ ವ್ಯಾನು ಹೊರಟುಹೋಗಿತ್ತು. ತಮ್ಮ ಬೋರಲು ಬಿದ್ದಿದ್ದ. ದವಡೆ ಒಂದು ಕಡೆಗೆ ಜೋತಿತ್ತು, ಹಲ್ಲುಗಳು ಮಣ್ಣಿನಲ್ಲಿದ್ದವು. ಅವಳು ಅವನನ್ನು ಹೊರಳಿಸಿ, ತನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ದವಡೆಯನ್ನು ಎತ್ತಿ ಕಟ್ಟಿದಳು.

ಆಸ್ಪತ್ರೆಗೆ ಬಂದ ಪೊಲೀಸಿನವನು, ಯಾರು ಹೊಡೆದರು, ಹೇಗಿದ್ದರು ಎಂದು ಕೇಳಿದ.

"ನಾನು ನೋಡಲಿಲ್ಲ."

"ಪಕ್ಕದಲ್ಲೇ ಇದ್ರಲ್ಲಮ್ಮ."

"ಇದ್ದೆ. ಮೇಲೆ ನೋಡ್ತಿದ್ದೆ."

ತಮ್ಮನ ದವಡೆಗೆ ತಂತಿ ಕಟ್ಟಿದರು. ಮಾತಿಲ್ಲ, ಅಗಿಯುವಂತಿಲ್ಲ. ಅಕ್ಕ ಮನೆಯಲ್ಲಿ ಹೊತ್ತು ಹೊತ್ತಿಗೆ ಅವನಿಗೆ ಹಾಲು, ಹಣ್ಣಿನ ರಸ ಕುಡಿಸಿದಳು, ಮೈ ಒರೆಸಿದಳು. ಅವನ ಕಣ್ಣು ಅವಳನ್ನು ಹಿಂಬಾಲಿಸುತ್ತಲೇ ಇತ್ತು. ತಂತಿ ಬಿಚ್ಚಿದ ದಿನ ಅವನು ಮೊದಲು ಕೇಳಿದ್ದು ಇದನ್ನೇ.

"ನಾನು ಕರ್ದಿದ್ದು ಕೇಳಿಸ್ತಾ?"

"ಕೇಳಿಸ್ತು."

"ಮತ್ತೆ ಬರ್ಲಿಲ್ಲ ಯಾಕೆ?"

"ಬರಬಾರ್ದು ಅನ್ನಿಸ್ತು."

ಅವನ ಕೈ ಬೀಸಿತು. ಅಕ್ಕನ ತಲೆ ಬಾಗಿಲ ಚೌಕಟ್ಟಿಗೆ ಬಡಿದು, ಕಿವಿಯಲ್ಲಿ ಗುಂಯ್ ಎಂದಿತು. ಹೊಡೆದವನೇ ತನ್ನ ಕೈಯನ್ನು ನೋಡಿಕೊಂಡು ನಿಂತ. ಅವಳು ನಾಲ್ಕು ಬಟ್ಟೆ ಚೀಲಕ್ಕೆ ತುರುಕಿಕೊಂಡು, ಲಾಂಡ್ರಿಯ ಹಿಂದಿನ ನೌಕರರ ಕೋಣೆಗೆ ಹೋಗಿ ಸೇರಿದಳು. ಅವನು ಕರೆಕಳಿಸಿದರೂ ಹೋಗಲಿಲ್ಲ.

ಕೆಲವು ವಾರ ಕಳೆದ ಮೇಲೆ ಅವನು ಲಾಂಡ್ರಿಯ ಗೇಟಿಗೆ ಬಂದ. ಗೂರ್ಖನ ಹಾಗೆ ಗೇಟಿನ ಆಚೆಯೇ ನಿಂತಿದ್ದ, ಒಳಗೆ ಬರಲಿಲ್ಲ. ಇವಳೂ ಚಿಲಕ ತೆಗೆಯಲಿಲ್ಲ. ತಪ್ಪಾಯಿತು ಎನ್ನಲು ಅವನಿಗೆ ಗೊತ್ತಿರಲಿಲ್ಲ. ಕಾಲಿನಿಂದ ನೆಲ ಕೆರೆದು ಕೇಳಿದ: "ಹೇಗಿತ್ತು ಅದು?"

ಅಕ್ಕ ಕಂಬಿಗಳ ನಡುವಿನಿಂದ ಎಲ್ಲವನ್ನೂ ಹೇಳಿದಳು. ಕಪ್ಪು ಬಿಲ್ಲೆ, ಬೆಳ್ಳಿ ಎಳೆ, ಪಕ್ಕದ ನಕ್ಷತ್ರ, ಸುತ್ತಲೂ ದಿಗಂತದಲ್ಲಿ ಒಂದೇ ಸಲಕ್ಕೆ ಸಂಜೆಯಾದದ್ದು. ಅವನು ಸೊಟ್ಟ ಬಾಯಿ ತೆರೆದುಕೊಂಡು ಕೇಳಿಸಿಕೊಂಡ. ಒಳಗೆ ರೋಲರ್ ಶುರುವಾಯಿತು. ಅವಳು ಕೆಲಸಕ್ಕೆ ಹೋದಳು.