ಮೇಲುಕೋಟೆಯಲ್ಲಿ ಬೀಳದ ಮೊಹರು

ಆ ಓಟದ ಕರಪತ್ರವನ್ನು ಮೂರು ಸಲ ಓದಿದ ಮೇಲೆಯೇ ನಾನು ಹೆಸರು ಕೊಟ್ಟಿದ್ದು. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರದ ಮೇಲೆ ಜಕ್ಕನಹಳ್ಳಿ ತಲುಪಿ, ಅಲ್ಲಿಂದ ಎಡಕ್ಕೆ ತಿರುಗಿ ಮೇಲುಕೋಟೆ ಬೆಟ್ಟ ಹತ್ತಬೇಕು. ಬಂದ ದಾರಿಯಲ್ಲೇ ಜಕ್ಕನಹಳ್ಳಿಗೆ ಇಳಿದು ನಾಗಮಂಗಲ ಸೇರಬೇಕು. ಎಲ್ಲ ಸೇರಿ ಅರವತ್ತು ಕಿಲೋಮೀಟರಿಗೂ ಹೆಚ್ಚು. ಪಾಂಡವಪುರದಲ್ಲೊಂದು, ಮೇಲುಕೋಟೆಯಲ್ಲೊಂದು ರಬ್ಬರ್ ಮೊಹರನ್ನು ಮುಂಗೈ ಮೇಲೆ ಒತ್ತುತ್ತಾರೆ. ಎರಡೂ ಇದ್ದವರಿಗೆ ಮಾತ್ರ ಪ್ರಮಾಣಪತ್ರ. ಕೊನೆಯ ಸಾಲು: 'ಡಾಂಬರು ರಸ್ತೆಯಲ್ಲಿಯೇ ಓಡತಕ್ಕದ್ದು.'

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಹುಡುಗಿಯರಿಗೆ ಮೂರು ಸಾವಿರ ಮೀಟರು ಸಾಕು ಎನ್ನುವವರು. ನಾನು ಪದೇ ಪದೇ ಕೇಳಿದ್ದಕ್ಕೆ, ಇದನ್ನು ಮುಗಿಸಿದ ಕಾಗದ ತಂದರೆ ದೂರದ ಓಟದ ತಂಡಕ್ಕೆ ನಿನ್ನ ಹೆಸರು ಸೇರಿಸುತ್ತೇನೆ ಎಂದಿದ್ದರು. ನನಗೆ ಬೇಕಾಗಿದ್ದು ಆ ಕಾಗದ.

ಹೊರಟವರಲ್ಲಿ ಹೆಂಗಸು ನಾನೊಬ್ಬಳೇ. ಉಳಿದವರೆಲ್ಲ ಹುಡುಗರು, ಒಬ್ಬರನ್ನು ಬಿಟ್ಟು. ಅವರು ವಿದ್ಯುತ್ ಲೈನ್‌ಮನ್, ನಲವತ್ತೈದರ ಆಸುಪಾಸು, ಖಾಕಿ ಚಡ್ಡಿ, ತಲೆಗೆ ಟವೆಲ್ಲು.

"ಅಣ್ಣೋ, ಕರೆಂಟ್ ಒಡ್ದಂಗೆ ಓಡ್ಬ್ಯಾಡ, ನಾವೂ ಬತ್ತೀವಿ" ಎಂದು ಒಬ್ಬ ರೇಗಿಸಿದ.

"ದಿನಾ ಕಂಬ ಎಣಿಸ್ಕಂಡು ತಿರ್ಗೋನ್ಗೆ ಇದೇನ್ಲಾ ದೊಡ್ಡದು. ನೀನು ಪಾಂಡವಪುರ್ದಲ್ಲೇ ಬಸ್ ಹತ್ತೀಯೆ, ಬುಡು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಸ್ಸು ಹತ್ತುವುದು ಅಷ್ಟು ಸುಲಭವೆಂದು ಅದುವರೆಗೆ ನನಗೆ ಹೊಳೆದಿರಲಿಲ್ಲ. ಆಮೇಲೆ ಹಿಂದಿನಿಂದ ಬಂದ ಪ್ರತಿ ಟ್ರಾಕ್ಟರನ್ನೂ ಹಾಲಿನ ವ್ಯಾನನ್ನೂ ತಿರುಗಿ ನೋಡಿದೆ. ಯಾರು ನನ್ನನ್ನು ದಾಟಿದರು, ಯಾರನ್ನು ನಾನು ದಾಟಿದೆ ಎಂದು ಎದೆಯ ಮೇಲಿನ ಸಂಖ್ಯೆಗಳನ್ನು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ.

ಪಾಂಡವಪುರ ದಾಟಿದ ಮೇಲೆ ನಾನೂ ಅನುಮಾನಕ್ಕೆ ಸಿಕ್ಕಿದೆ. ಒಂದು ಹಳ್ಳಿಯ ಹತ್ತಿರ ಕಬ್ಬಿನ ಸೋಗೆ ಹೊತ್ತಿದ್ದ ಹೆಂಗಸು ರಸ್ತೆಗೆ ಅಡ್ಡ ನಿಂತಳು.

"ಯಾವೂರವ್ವಾ? ಯಾರಾರ ಅಟ್ಟಿಸ್ಕಂಡು ಬತ್ತಾವ್ರಾ?"

"ಇಲ್ಲಮ್ಮ, ಓಟದ ಸ್ಪರ್ಧೆ."

"ಮನೇಲಿ ಯೋಳಿ ಬಂದಿದ್ದೀಯಾ?"

ಹೇಳಿ ಬಂದಿರಲಿಲ್ಲ. ಹೇಳಿದ್ದೇನೆ ಎಂದು ಓಡಿದೆ.

ಹತ್ತು ಗಂಟೆಗೆಲ್ಲ ಬಿಸಿಲು ಏರಿ, ಡಾಂಬರಿನ ಕಾವು ಅಂಗಾಲಿಗೆ ತಟ್ಟತೊಡಗಿತು. ಜಕ್ಕನಹಳ್ಳಿ ಕೂಡುರಸ್ತೆಯ ಮೋರಿಯ ಮೇಲೆ ಲೈನ್‌ಮನ್ ಕುಳಿತು ಬೂಟು ಕೊಡವುತ್ತಿದ್ದರು. ಅವರನ್ನು ದಾಟಿ ಬೆಟ್ಟದ ರಸ್ತೆ ಹಿಡಿದೆ. ಇಳಿದು ಬರುತ್ತಿದ್ದ ಏಳು ಹುಡುಗರು ಎದುರಾದರು. ಹಿಂದಿನಿಂದ ಬಂದು ನನ್ನನ್ನು ದಾಟಿದವರು ಯಾರೂ ಇಲ್ಲ. ಕಡೆಯ ತಿರುವುಗಳಲ್ಲಿ ಆಕಾಶ ಕಪ್ಪಾಗಿ, ಗಾಳಿ ಎದ್ದು, ಹಿಂಗಾರು ಮಳೆ ಒಮ್ಮೆಲೇ ಸುರಿಯಿತು. ಹನಿಗಳು ಜಲ್ಲಿಕಲ್ಲಿನಂತೆ ಮುಖಕ್ಕೆ ಹೊಡೆಯುತ್ತಿದ್ದವು. ರಸ್ತೆಯ ಅಂಚಿನ ಬಿಳಿ ಕಲ್ಲುಗಳನ್ನು ನೋಡಿಕೊಂಡು, ಓಡುವುದನ್ನು ಬಿಟ್ಟು ನಡೆದೇ ಹತ್ತಿದೆ.

ಕಲ್ಯಾಣಿಯ ಬಳಿ ಮೇಜು ಇತ್ತು, ಜನ ಇರಲಿಲ್ಲ. ಮೇಜು ಮಗುಚಿ ಬಿದ್ದಿತ್ತು. ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮೇಜನ್ನು ಎತ್ತಿ ನಿಲ್ಲಿಸಿದಾಗ ಅದರಡಿ ಒಂದು ಬಿಸ್ಕತ್ತಿನ ಡಬ್ಬಿ ಕಂಡಿತು. ತೆರೆದೆ. ಒಳಗೆ ಮೊಹರು, ಶಾಯಿ ಪ್ಯಾಡು, ಎರಡೂ ಮಳೆಗೆ ನೆನೆದಿರಲಿಲ್ಲ.

ಮೊಹರನ್ನು ಕೈಗೆ ತೆಗೆದುಕೊಂಡೆ. ನಾನು ಅಲ್ಲಿದ್ದೆ, ಮೊಹರು ಅಲ್ಲಿತ್ತು, ಒತ್ತಿಕೊಂಡರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೂ ಒತ್ತಿಕೊಳ್ಳಲಿಲ್ಲ. ಅದು ಪ್ರಾಮಾಣಿಕತೆಯಲ್ಲ. ಇದನ್ನು ಯಾರೋ ಬೇಕೆಂದೇ ಬಿಟ್ಟುಹೋಗಿದ್ದಾರೆ, ಎಲ್ಲಿಂದಲೋ ನೋಡುತ್ತಿದ್ದಾರೆ ಎನ್ನಿಸಿತು. ಸುತ್ತ ಮಂಟಪಗಳ ಕತ್ತಲೆ. ಡಬ್ಬಿ ಮುಚ್ಚಿ ಅಲ್ಲೇ ಇಟ್ಟೆ. ಇನ್ನೂ ಸ್ವಲ್ಪ ಹೊತ್ತು ಕಾದು, ಚಳಿ ತಡೆಯಲಾಗದೆ ಬೆಟ್ಟ ಇಳಿದೆ. ಇಳಿಯುವಾಗ ಎದುರು ಬಂದವರು ಮೂವರು. ಅವರಲ್ಲಿ ಲೈನ್‌ಮನ್ ಇರಲಿಲ್ಲ.

ನಾಗಮಂಗಲದ ರಸ್ತೆಯಲ್ಲಿ ಮೂರು ಕಿಲೋಮೀಟರು ಹೋಗುವಷ್ಟರಲ್ಲಿ ಮುಂದೆ ಖಾಕಿ ಚಡ್ಡಿ ಕಂಡಿತು. ಬೆಟ್ಟ ಹತ್ತದೆ ನೇರ ಬಂದಿದ್ದಾರೆ, ಇಲ್ಲವೇ ಯಾವುದೋ ಗಾಡಿ ಹತ್ತಿದ್ದಾರೆ. ನನಗೆ ಬೇರೆ ಯಾವ ಉತ್ತರವೂ ಹೊಳೆಯಲಿಲ್ಲ. ನೀರಿನ ಮೇಜಿನ ಹತ್ತಿರ ಕೂತಿದ್ದ ಶಾಲೆಯ ಮೇಷ್ಟ್ರಿಗೆ ಹೇಳಿದೆ.

"ಗಾಡಿ ಹತ್ತಿದ್ದು ಕಂಡ್ಯೇನವ್ವಾ?"

"ಇಲ್ಲ ಸರ್. ಆದರೆ ಬೆಟ್ಟದ ದಾರಿಯಲ್ಲಿ ಅವರು ಇರಲೇ ಇಲ್ಲ."

"ಏನಂತ ಬರೀಲಿ?"

"ಅನುಮಾನ ಅಂತ ಬರೀರಿ."

ಅವರು ಪುಸ್ತಕದಲ್ಲಿ ಬರೆದುಕೊಂಡರು. ನಾನು ನಿಂತು, ಬರೆದಿದ್ದನ್ನು ಓದಿ, ಮುಂದೆ ಓಡಿದೆ.

ನಾಗಮಂಗಲ ಮುಟ್ಟಿದಾಗ ಸಂಜೆಯಾಗಿತ್ತು. ಓಟ ನಡೆಸಿದ ಯುವಕ ಸಂಘದ ಕಾರ್ಯದರ್ಶಿ ನನ್ನ ಕೈ ನೋಡಿದರು. ಪಾಂಡವಪುರದ ಮೊಹರು ನೇರಳೆ ಕಲೆಯಾಗಿತ್ತು. ಅದರ ಪಕ್ಕ ಏನೂ ಇರಲಿಲ್ಲ.

"ಮೇಲುಕೋಟೆದೆಲ್ಲಿ?"

ನಡೆದದ್ದನ್ನು ಹೇಳಿದೆ. ಮಳೆ ಸುರಿಯುತ್ತಿದ್ದಾಗ ಒಬ್ಬರೂ ಬರಲಿಲ್ಲವೆಂದು ಅಲ್ಲಿಯ ಹುಡುಗರು ಫೋನು ಮಾಡಿ ಹೇಳಿದ್ದಾರಂತೆ. ಮಳೆಗೆ ಹೆದರಿ ಅವರು ಪಕ್ಕದ ಯಾವುದೋ ಛತ್ರದೊಳಗೆ ಹೋಗಿದ್ದರು ಎಂದೆ. "ಅದನ್ನ ನೀವು ನೋಡಿದ್ರಾ?" ಎಂದರು. ನೋಡಿರಲಿಲ್ಲ. ಇಳಿಯುವಾಗ ನನಗೆ ಎದುರಾಗಿದ್ದ ಮೂವರು ಇನ್ನೂ ಬಂದು ತಲುಪಿರಲಿಲ್ಲ.

"ಹೆಣ್ಣುಮಕ್ಳು ಇಷ್ಟು ದೂರ ಓಡಿದ್ದೇ ದೊಡ್ಡದು ಬಿಡಿ" ಎಂದು ಅವರು ಪುಟ ತಿರುವಿದರು.

ಪಕ್ಕದ ಬೆಂಚಿನಲ್ಲಿ ಲೈನ್‌ಮನ್ ಟೀ ಕುಡಿಯುತ್ತಿದ್ದರು. ಅವರ ಮುಂಗೈಯಲ್ಲಿ ಎರಡೂ ಮೊಹರು ಇದ್ದವು. ಪ್ರಮಾಣಪತ್ರದಲ್ಲಿ ಹೆಸರು ಬರೆದಾಗಿತ್ತು, ಸಹಿಯೊಂದು ಬಾಕಿ.

"ಸಾ, ಈ ಹೆಣ್ಮಗ ಬಂದಿತ್ತು. ನಾನೇ ಕಂಡಿವ್ನಿ. ಮೇಜು ಎತ್ತಿ ನಿಲ್ಸ್ತು. ಡಬ್ಬಿ ತಗೀತು. ಮೊಹರು ಕೈಗೆತ್ಗತ್ತು, ನೋಡ್ತು, ಒತ್ಗಳ್ಳಿಲ್ಲ, ಮಡಗ್ಬುಡ್ತು."

"ನೀವೆಲ್ಲಿದ್ರಿ?"

"ಮಂಟಪದೊಳಗೆ. ಮಳೆಗೆ ಮುಂಚೆನೇ ಮೊಹರು ಒತ್ತುಸ್ಕಂಡು, ಮಳೇಲಿ ನೆಂದು ಅಲ್ಲಿಗೋದೆ."

"ಮತ್ತೆ ಕರೀಬಾರ್ದಿತ್ತಾ?"

"ಚಡ್ಡಿ ಇಂಡ್ತಾ ನಿಂತಿದ್ದೆ ಸಾ. ಎಂಗ್ ಕರೆಯಾನ ಹೆಣ್ಮಗೀನ?"

ಹುಡುಗರು ಗೊಳ್ಳೆಂದು ನಕ್ಕರು. ನೀರಿನ ಮೇಜಿನ ಮೇಷ್ಟ್ರು ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದಿದ್ದರು. ಪುಸ್ತಕ ತೆಗೆದು, "ಈಯಮ್ಮ ಬೇರೆ ಬರೆಸೈತಲ್ಲ" ಎಂದು ನನ್ನ ದೂರನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ನಾನು ನೆಲ ನೋಡುತ್ತಿದ್ದೆ.

ಕಾರ್ಯದರ್ಶಿ ಲೈನ್‌ಮನ್ ಕಡೆ ತಿರುಗಿದರು. "ರಸ್ತೇಲಿ ನೀವಿರ್ಲಿಲ್ವಂತೆ. ಎಂಗೆ ಹತ್ತಿದ್ರಿ?"

ಅವರು ಲೋಟ ಕೆಳಗಿಟ್ಟರು. ಮೊಹರು ಇದ್ದ ಕೈ ತೋರಿಸಿ ಸುಮ್ಮನಿದ್ದರೂ ನಡೆಯುತ್ತಿತ್ತು.

"ಕಂಬದ ಸಾಲು ಹಿಡ್ಕಂಡು. ಕಾಲ್ದಾರಿ ಐತೆ. ಇಳ್ದಿದ್ದೂ ಅಂಗೇಯ, ನಾಗಮಂಗ್ಲದ ಮಗ್ಗುಲಿನ ಸಾಲು."

"ಡಾಂಬರ್ ರಸ್ತೆ ಅಂತ ಅಚ್ಚಾಕ್ಸಿದ್ವಲ್ರೀ."

"ಓದಿಲ್ಲ ಸಾ."

ಕಾರ್ಯದರ್ಶಿ ಪಟ್ಟಿಯಲ್ಲಿ ಅವರ ಹೆಸರಿಗೆ ಗೀಟು ಎಳೆದರು. ಸಹಿಯಾಗದ ಪ್ರಮಾಣಪತ್ರವನ್ನು ಹರಿದು ಹಾಕಿದರು. ಲೈನ್‌ಮನ್ ಮಾತನ್ನೇ ಸಾಕ್ಷಿಯೆಂದು ಹಿಡಿದು, ಅದೇ ಪೆನ್ನಿನಲ್ಲಿ ಬೇರೊಂದು ಪ್ರಮಾಣಪತ್ರದಲ್ಲಿ ನನ್ನ ಹೆಸರು ಬರೆದರು. ಆ ನಿಯಮ ಕರಪತ್ರದ ಕೊನೆಯ ಸಾಲಿನಲ್ಲಿತ್ತು ಎಂಬುದು ಅಲ್ಲಿದ್ದವರೆಲ್ಲರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಕಾಗದವನ್ನು ಕೈಗೆ ತೆಗೆದುಕೊಂಡೆ.

ಹೊರಗೆ ಬಂದು, "ನೀವು ಹೇಳದಿದ್ದರೆ ನಿಮ್ಮದು ಉಳಿಯುತ್ತಿತ್ತು" ಎಂದೆ.

"ಕೇಳುದ್ರಲ್ಲ" ಎಂದರು. ಟವೆಲ್ಲನ್ನು ತಲೆಗೆ ಸುತ್ತಿಕೊಳ್ಳುತ್ತ, "ನೀನ್ಯಾಕವ್ವ ಒತ್ಗಳ್ಳಿಲ್ಲ?"

"ಯಾರೋ ನೋಡ್ತಿದ್ದಾರೆ ಅನ್ನಿಸಿತು."

ಅವರು ಜೋರಾಗಿ ನಕ್ಕರು. ಅದು ನನ್ನ ಮನಸ್ಸನ್ನು ಹಗುರ ಮಾಡುವ ನಗುವೋ, ದೂರಿಗೆ ಕೊಟ್ಟ ಉತ್ತರವೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಪಾಂಡವಪುರದ ಬಸ್ಸು ಬಂತು, ಅವರು ಹತ್ತಿ ಹೋದರು.

ಮೂರು ದಿನದ ಮೇಲೆ ಕಾಗದವನ್ನು ನಿರ್ದೇಶಕರ ಮೇಜಿನ ಮೇಲಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ನಿಜವಾಗ್ಲೂ ಪೂರ್ತಿ ಓಡಿದ್ಯೇನಮ್ಮ? ನೋಡಿದವರಿದ್ದಾರಾ?"

"ಒಬ್ಬರಿದ್ದಾರೆ ಸರ್."

"ಅವರ ಹೆಸರು ಪಟ್ಟಿಯಲ್ಲಿದೆಯಾ?"

"ಗೀಟು ಹಾಕಿದ್ದಾರೆ. ಓದೋಕೆ ಬರುತ್ತೆ."

ಅವರು ತಂಡದ ಪಟ್ಟಿಯನ್ನು ಎಳೆದುಕೊಂಡು ಕೊನೆಯ ಸಾಲಿನಲ್ಲಿ ನನ್ನ ಹೆಸರು ಬರೆದರು, ಪೆನ್ಸಿಲಿನಲ್ಲಿ.